ಮರುಭೂಮಿಗೆ ಮುನ್ನ ಸವಣೂರು

ನಮ್ಮ ಮನೆಯಲ್ಲಿ ಮರುಭೂಮಿಯ ಮಾತು ಎದ್ದದ್ದು ಒಂದು ಒಂಟೆಯ ಚಿತ್ರದಿಂದ. ಎರಡನೆಯ ತರಗತಿಯಲ್ಲಿ ಓದುತ್ತಿದ್ದ ಮಗನು ಪುಸ್ತಕದಲ್ಲಿಯ ಆ ಚಿತ್ರವನ್ನು ತೋರಿಸಿ, “ಅಪ್ಪಾ, ಈ ಸಲ ರಜೆಗೆ ಇದರ ಊರಿಗೆ ಹೋಗೋಣ” ಎಂದನು. ನಾಲ್ಕು ವರ್ಷದ ಮಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಒಂಟೆಯನ್ನು ಮನೆಗೇ ಕರೆತರುವುದೆಂದು ತೀರ್ಮಾನಿಸಿ, ಅದನ್ನು ಕಟ್ಟಲು ಮೂರನೆಯ ಅಂತಸ್ತಿನ ನಮ್ಮ ಬಾಲ್ಕನಿಯಲ್ಲಿ ಜಾಗವನ್ನೂ ಗೊತ್ತುಮಾಡಿದಳು. ಇಂಥ ವಿಷಯಗಳಲ್ಲಿ ನಾನು ಮಕ್ಕಳಿಗಿಂತ ಚಿಕ್ಕವನು. ಅಂದು ರಾತ್ರಿಯೇ ಭೂಪಟವನ್ನು ಹರಡಿ, ಹೊಸದೊಂದು ನೋಟುಪುಸ್ತಕವನ್ನು ತೆರೆದು ಕುಳಿತೆನು.

ರಾಜಸ್ಥಾನದ ಪಡುವಣ ಅಂಚಿನಲ್ಲಿ, ಥಾರ್ ಮರುಭೂಮಿಯ ನಡುವೆ, ಜೈಸಲ್ಮೇರ್ ನಗರ. 1156ರಲ್ಲಿ ರಾವಲ್ ಜೈಸಲನು ಕಟ್ಟಿಸಿದ ಕೋಟೆ. ಹಳದಿ ಮರಳುಗಲ್ಲಿನ ಆ ಕೋಟೆಯೊಳಗೆ ಇಂದಿಗೂ ಸಂಸಾರಗಳು ವಾಸವಾಗಿವೆ. ಊರಿನಿಂದ ಸುಮಾರು 40 ಕಿಲೋಮೀಟರು ದೂರದ ಸಮ್ ಎಂಬಲ್ಲಿ ಮರಳಿನ ದಿಬ್ಬಗಳು, ಒಂಟೆಯ ಸವಾರಿ. ಇವೆಲ್ಲವನ್ನೂ ಬರೆದುಕೊಂಡು, ರೈಲುಗಾಡಿಗಳ ಹೊತ್ತನ್ನು ಕೆಂಪು ಮಸಿಯಲ್ಲಿ ಗುರುತಿಸಿ, ಮರುದಿನ ಬೆಳಿಗ್ಗೆ ಕಾಫಿಯ ಜೊತೆಗೆ ಮನೆಯಾಕೆಯ ಮುಂದಿಟ್ಟೆನು. ಅವಳು ಧಾರವಾಡದ ಕಡೆಯವಳು, ಹೆಚ್ಚು ಮಾತಿನವಳಲ್ಲ. ಎಲ್ಲವನ್ನೂ ಓದಿ ಒಂದೇ ಪ್ರಶ್ನೆ ಕೇಳಿದಳು.

“ಎಲ್ಲಾ ಖರೆ. ಮೇ ತಿಂಗಳದಾಗ ಅಲ್ಲಿ ಬಿಸಲು ಎಷ್ಟಿರ್ತದರಿ?”

ನನ್ನ ಪುಸ್ತಕದಲ್ಲಿ ಅದೊಂದನ್ನು ಬಿಟ್ಟು ಉಳಿದೆಲ್ಲವೂ ಇದ್ದಿತು. ವಿಚಾರಿಸಲಾಗಿ, ಅಲ್ಲಿ ಮೇ ತಿಂಗಳಲ್ಲಿ ಉಷ್ಣತೆಯು 45 ಡಿಗ್ರಿಯನ್ನು ದಾಟುವುದುಂಟೆಂದೂ, ‘ಲೂ’ ಎಂಬ ಬಿಸಿಗಾಳಿ ಬೀಸುವಾಗ ಅಲ್ಲಿಯ ಜನರೇ ಬಾಗಿಲು ಮುಚ್ಚಿಕೊಂಡು ಒಳಗಿರುವರೆಂದೂ ತಿಳಿಯಿತು. ಮರುಭೂಮಿಯ ನಗರಗಳನ್ನು ನೋಡುವ ಕಾಲ ಅಕ್ಟೋಬರಿನಿಂದ ಫೆಬ್ರವರಿಯವರೆಗೆ. ನಮ್ಮ ಶಾಲೆಗಳ ದೊಡ್ಡ ರಜೆ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ. ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಒಂಟೆ ನೋಡಬಯಸುವ ಕನ್ನಡ ಗೃಹಸ್ಥನ ತೊಡಕೆಲ್ಲವೂ ಈ ಎರಡು ಮಾತುಗಳಲ್ಲಿ ಅಡಗಿದೆ.

ಆ ವಾರವೇ ಸವಣೂರಿನಿಂದ ನನ್ನ ಸೋದರತ್ತೆಯ ಫೋನು ಬಂದಿತು. ನಮ್ಮ ಮನೆತನದಲ್ಲಿ ಊರಿನಲ್ಲಿ ಉಳಿದವರು ಆಕೆಯೊಬ್ಬಳೇ. ನನ್ನ ಮಕ್ಕಳು ಆಕೆಯ ಧ್ವನಿಯನ್ನು ಬಲ್ಲರೇ ಹೊರತು ಮುಖವನ್ನು ಕಂಡವರಲ್ಲ. ನಮ್ಮ ಮರುಭೂಮಿಯ ಕಥೆಯನ್ನು ಕೇಳಿ ಆಕೆ ನಕ್ಕಳು.

“ಅಷ್ಟ ದೂರ ಯಾಕ ಹೋಗ್ತಿ ತಮ್ಮಾ? ಮರುಭೂಮಿ ಕಡೀ ಗಿಡಾನ ನಮ್ಮೂರಿಗೆ ಬಂದು ಕೂತಾವ. ಹುಡುಗೂರನ್ನ ಕರಕೊಂಡು ಬಾ. ನಾನರ ಇನ್ನ ಎಷ್ಟು ದಿನ ಇರ್ತೀನಿ?”

ಕೊನೆಯ ಮಾತನ್ನು ಆಕೆ ಹಗುರಾಗಿಯೇ ಆಡಿದಳು. ಕೇಳಿದ ನನಗೆ ಹಗುರಾಗಲಿಲ್ಲ. ಜೈಸಲ್ಮೇರಿನ ಹಾಳೆಯನ್ನು ಮಡಿಸಿಟ್ಟು ಸವಣೂರಿಗೆ ಟಿಕೆಟು ತೆಗೆದೆನು.

ಆದರೆ ಸ್ವಭಾವವೆಲ್ಲಿ ಹೋದೀತು? ಹೋಗುವುದು ಹೋಗುತ್ತೇವೆ, ಹಾವೇರಿ ಜಿಲ್ಲೆಯನ್ನು ಪೂರ್ಣವಾಗಿಯೇ ನೋಡಿಬಿಡೋಣವೆಂದು ಯೋಜನೆ ಹಾಕಿದೆನು. 1997ರಲ್ಲಿ ಧಾರವಾಡದಿಂದ ಬೇರೆಯಾದ ಈ ಜಿಲ್ಲೆ ದೊಡ್ಡದೇನಲ್ಲ. ಬಡಗಣಕ್ಕೆ ಶಿಗ್ಗಾಂವಿ ಮತ್ತು ಸವಣೂರು, ಪಡುವಣಕ್ಕೆ ಹಾನಗಲ್ಲು, ತೆಂಕಣ ತುದಿಗೆ ಹಿರೇಕೆರೂರು. ಭೂಪಟದಲ್ಲಿ ಎಲ್ಲವೂ ಒಂದೇ ಗೇಣಿನೊಳಗೆ. ಮೊದಲನೆಯ ದಿನ ಬೆಳಿಗ್ಗೆ ಸವಣೂರು, ಹತ್ತು ಗಂಟೆಗೆ ಬಂಕಾಪುರ, ಹನ್ನೆರಡಕ್ಕೆ ಗೊಟಗೋಡಿ, ಮೂರಕ್ಕೆ ಹಾನಗಲ್ಲು. ಎರಡನೆಯ ದಿನ ಹಿರೇಕೆರೂರು, ರಟ್ಟೀಹಳ್ಳಿ, ಮಾಸೂರು. ಊಟಕ್ಕೆ ಮೂವತ್ತು ನಿಮಿಷ. ಮಕ್ಕಳ ನಿದ್ದೆಗೆ ಎಂದು ಒಂದು ಸಾಲೂ ಇರಲಿಲ್ಲ.

ಏಪ್ರಿಲ್ ತಿಂಗಳ ಕೊನೆಯ ವಾರ, ನಸುಕಿನಲ್ಲಿ, ಹಾವೇರಿಯ ನಿಲ್ದಾಣದಲ್ಲಿ ಇಳಿದು ಬಾಡಿಗೆಯ ಕಾರಿನಲ್ಲಿ ಹೊರಟೆವು. ಎರಡೂ ಕಡೆಗೆ ಬಿತ್ತನೆಗಾಗಿ ಕಾದು ಬಿರುಕು ಬಿಟ್ಟ ಎರೆಯ ಹೊಲಗಳು. ಸೂರ್ಯನು ಆಗಲೇ ಕೆಲಸಕ್ಕೆ ಹತ್ತಿದ್ದನು. ಅತ್ತೆ ಬಾಗಿಲಲ್ಲಿಯೇ ನಿಂತಿದ್ದಳು. ಮಕ್ಕಳಿಗೆ ದೃಷ್ಟಿ ತೆಗೆದು, ಇಬ್ಬರ ಕೆನ್ನೆಗಳನ್ನೂ ಸವರಿ, ನನ್ನನ್ನು ಮಾತ್ರ, “ಎಷ್ಟು ವರ್ಷ ಆತೋ ಈ ಕಡೆ ಮುಖಾ ಮಾಡಿ?” ಎಂದು ಕೇಳಿದಳು. ಲೆಕ್ಕ ಗೊತ್ತಿದ್ದರೂ ಹೇಳಲಿಲ್ಲ. ಅವಲಕ್ಕಿ ತಿಂದು, ಹತ್ತಿರದ ದೊಡ್ಡಹುಣಸೆ ಕಲ್ಮಠಕ್ಕೆ ಹೋದೆವು.

ಓದುಗರಲ್ಲಿ ಈ ಮರಗಳನ್ನು ನೋಡದವರು ಇದ್ದಾರು. ಅವರಿಗಾಗಿ ಸ್ವಲ್ಪ ನಿಲ್ಲುತ್ತೇನೆ. ಹೆಸರು ಹುಣಸೆಯಾದರೂ ಇವು ನಮ್ಮ ಹುಣಸೆಯಲ್ಲ. ಆಫ್ರಿಕಾ ಖಂಡದಲ್ಲಿ, ಸಹಾರಾ ಮರುಭೂಮಿಗೆ ತೆಂಕಣದ ಒಣನಾಡುಗಳಲ್ಲಿ ಬೆಳೆಯುವ ಬಾವೋಬಾಬ್ ಮರಗಳು. ಕಾಯಿಯ ತಿರುಳು ಹುಳಿಯಾಗಿರುವುದರಿಂದ ನಮ್ಮವರು ದೊಡ್ಡ ಹುಣಸೆ ಎಂದರು. ಉತ್ತರದವರು ಗೋರಖ ಇಮಲಿ ಎನ್ನುತ್ತಾರೆ. ಮಳೆ ಬಂದಾಗ ನೀರನ್ನು ತನ್ನ ಮೆತ್ತನೆಯ ಕಾಂಡದಲ್ಲಿ ತುಂಬಿಕೊಂಡು, ಬೇಸಿಗೆಯಲ್ಲಿ ಎಲೆಗಳನ್ನೆಲ್ಲ ಉದುರಿಸಿ, ಮುಂದಿನ ಮಳೆಯವರೆಗೆ ಸುಮ್ಮನೆ ನಿಲ್ಲುವುದು ಇದರ ಬಾಳುವೆಯ ಕ್ರಮ. ಹೂವು ಅರಳುವುದು ರಾತ್ರಿ. ಅದರ ಪರಾಗವನ್ನು ಬಾವಲಿಗಳು ಸಾಗಿಸುತ್ತವೆ. ಇದು ಇಷ್ಟು ದೂರ ಹೇಗೆ ಬಂದಿತು? ಶ್ರೀಕೃಷ್ಣನು ಬೀಜ ತಂದನೆಂದು ಊರಿನ ಐತಿಹ್ಯ. ಕಡಲು ದಾಟಿ ಬಂದ ವರ್ತಕರು ತಂದಿರಬಹುದೆಂದು ತಿಳಿದವರ ಊಹೆ. ಇಲ್ಲಿ ಇಂಥವು ಮೂರು. ಅವುಗಳಲ್ಲೊಂದು 2023ರ ಜುಲೈ ತಿಂಗಳ ಮಳೆಯಲ್ಲಿ ಬುಡಮೇಲಾಗಿ ಉರುಳಿತು. ಅದನ್ನು ಕಡಿದು ಒಟ್ಟದೆ, ಎತ್ತಿ ನಿಲ್ಲಿಸಿ ಮತ್ತೆ ನೆಟ್ಟರು.

“ಬಿದ್ದದ್ದು ಕೇಳಿ ನಾನು ಎರಡು ದಿನ ಉಂಡಿದ್ದಿಲ್ಲ. ಮುಂದ ಅದು ಚಿಗತೇತಿ ಅಂದ್ರು, ಹೋಗಿ ನೋಡಿ ಬಂದು ಉಂಡೆ” ಎಂದಳು ಅತ್ತೆ. ಎರಡು ದಿನದಿಂದ ಚಿಗುರುವವರೆಗೆ ಉಪವಾಸದ ಲೆಕ್ಕ ಕೂಡುವುದಿಲ್ಲವೆಂದು ಮಗನು ನನ್ನ ಕಿವಿಯಲ್ಲಿ ಹೇಳಿದನು.

ಏಪ್ರಿಲಿನಲ್ಲಿ ಮರಗಳು ಬೋಳಾಗಿದ್ದವು. ಬೂದುಬಣ್ಣದ ಮೈ, ಆನೆಯ ಚರ್ಮದಂತೆ ಮಡಿಕೆ ಮಡಿಕೆ. ಯಾರೋ ಮರವನ್ನು ಕಿತ್ತು ಬೇರು ಮೇಲಾಗಿ ನೆಟ್ಟಂತೆ ಕೊಂಬೆಗಳು. ನಾವು ಐವರು, ಕಾರಿನ ಚಾಲಕನೊಬ್ಬ, ಆರು ಮಂದಿ ಕೈ ಕೈ ಹಿಡಿದು ನಿಂತರೂ ಕಾಂಡವನ್ನು ಸುತ್ತುವರಿಯಲಾಗಲಿಲ್ಲ. “ಇದು ಒಂಟೆಯ ಮರ” ಎಂದು ಮಗಳು ಹೆಸರಿಟ್ಟಳು. ನೀರನ್ನು ಕೂಡಿಟ್ಟುಕೊಳ್ಳುವುದೆಂದು ನಾನು ಹೇಳಿದ್ದರಿಂದ ಆಕೆಗೆ ಹಾಗೆ ತೋರಿರಬೇಕು. ಒಂಟೆಯ ಡುಬ್ಬದಲ್ಲಿರುವುದು ನೀರಲ್ಲ, ಕೊಬ್ಬು ಎಂದು ತಿದ್ದಹೋದ ನನ್ನನ್ನು ಮನೆಯಾಕೆ ಕಣ್ಣಿನಿಂದಲೇ ತಡೆದಳು.

ಆಗ ಗಂಟೆ ಹತ್ತಾಗಿತ್ತು. ಚಪ್ಪಲಿ ಬಿಟ್ಟು ನಡೆದ ಮಕ್ಕಳು ಕಾದ ಕಲ್ಲಿನ ಮೇಲೆ ಕುಣಿಯಲಾರಂಭಿಸಿದ್ದರು. ಗುಡಿ ಮಠಗಳ ಪ್ರವಾಸದಲ್ಲಿ ಬಿಸಿಲು ಮೊದಲು ತಗಲುವುದು ತಲೆಗಲ್ಲ, ಅಂಗಾಲಿಗೆ. ಎಂಟು ಗಂಟೆಯೊಳಗೆ ಹೋಗಬೇಕು; ಇಲ್ಲವೇ ಮಕ್ಕಳಿಗೆ ದಪ್ಪನೆಯ ಹತ್ತಿಯ ಕಾಲುಚೀಲ ಬೇಕು. ಅತ್ತೆ, “ಇನ್ನ ಸಾಕು, ಮನೀಗೆ ನಡೀರಿ, ಸಂಜೀಕ ಮತ್ತ ಹೋಗೂಣು” ಎಂದಳು. ನನ್ನ ಪುಸ್ತಕದಲ್ಲಿ ಮುಂದಿನ ಸಾಲು ಬಂಕಾಪುರವಾಗಿತ್ತು. ಅತ್ತೆಯನ್ನು ಮನೆಯಲ್ಲಿಳಿಸಿ ನಾವು ಮುಂದುವರಿದೆವು.

ಬಂಕಾಪುರವು ಶಿಗ್ಗಾಂವಿ ತಾಲೂಕಿನದು. ಅಮೋಘವರ್ಷ ನೃಪತುಂಗನ ಸಾಮಂತನಾದ ಬಂಕೆಯನ ಹೆಸರಿನ ಊರು. ಅಲ್ಲಿಯ ಹಳೆಯ ಕೋಟೆಯೊಳಗೆ ನೆಲಮಟ್ಟಕ್ಕಿಂತ ತಗ್ಗಿನಲ್ಲಿ ನಗರೇಶ್ವರ ದೇವಾಲಯವಿದೆ. ಜನರು ಅದನ್ನು ಅರವತ್ತು ಕಂಬದ ಗುಡಿ ಎನ್ನುತ್ತಾರೆ. ನಾನು ಕಂಬಗಳನ್ನು ಎಣಿಸುತ್ತಿದ್ದೆನು. ಮಗಳು ಒಂದು ಕಂಬಕ್ಕೆ ಒರಗಿ ಸುಮ್ಮನೆ ಕುಳಿತಿದ್ದಳು. ಎಂದೂ ಸುಮ್ಮನಿರದ ಹುಡುಗಿ ಸುಮ್ಮನಿರುವುದನ್ನು ಕಂಡು, ‘ಎಷ್ಟು ಒಳ್ಳೆಯ ಮಗು’ ಎಂದುಕೊಂಡೆನು. ಈ ಮೂರ್ಖತನವನ್ನು ನಾನು ಮರೆಯಲಾರೆ.

ಗೊಟಗೋಡಿಗೆ ಹೊತ್ತು ಮೀರಿದ್ದರಿಂದ ಅದನ್ನು ಬಿಟ್ಟು ಹಾನಗಲ್ಲಿನ ದಾರಿ ಹಿಡಿದೆವು. ಕಾರಿನ ತಂಪು ಯಂತ್ರವು ಕೆಲಸಮಾಡುತ್ತಿರಲಿಲ್ಲ. ಕಿಟಕಿಯಿಂದ ಬಾಣಲೆಯ ಮೇಲಿನ ಗಾಳಿ. ಮಗಳು ಕುಡಿದ ನೀರನ್ನೆಲ್ಲ ಕಾರಿಕೊಂಡಳು. ಹಣೆ ಕೆಂಡದಂತೆ ಸುಡುತ್ತಿದ್ದಿತು, ತುಟಿಗಳು ಒಣಗಿದ್ದವು. ಅತ್ತಳು, ಆದರೆ ಕಣ್ಣಲ್ಲಿ ನೀರು ಬರಲಿಲ್ಲ. ಮನೆಯಾಕೆ ಅದನ್ನು ಕಂಡಳು. “ಗಾಡಿ ಡಾಕ್ಟರ ಕಡೆ ತಿರುಗಿಸ್ರಿ” ಎಂದಳು. ಆಕೆಯ ಧ್ವನಿಯಲ್ಲಿ ಅಂಥ ಗಡಸನ್ನು ನಾನು ಮೊದಲು ಕೇಳಿರಲಿಲ್ಲ.

ದಾರಿಯ ಒಂದು ಊರಿನ ಚಿಕ್ಕ ದವಾಖಾನೆ. ವಯಸ್ಸಾದ ವೈದ್ಯರು. ಮಗುವಿನ ಅಂಗಿ ಬಿಚ್ಚಿಸಿ, ಒದ್ದೆ ಬಟ್ಟೆಯಿಂದ ಮೈ ಒರೆಸಿ, ಫ್ಯಾನಿನ ಕೆಳಗೆ ಮಲಗಿಸಿ, ಓಆರ್‌ಎಸ್ ಪುಡಿ ಕಲಸಿದ ನೀರನ್ನು ಚಮಚ ಚಮಚವಾಗಿ ಕೊಡಲು ಹೇಳಿದರು. ಬಳಿಕ ನನ್ನ ಕಡೆ ತಿರುಗಿ ಕೇಳಿದರು: “ಉಂಡದ್ದು ಯಾವಾಗ? ಮಲಗಿದ್ದು ಯಾವಾಗ? ಮೂತ್ರಕ್ಕೆ ಹೋದದ್ದು ಯಾವಾಗ?” ಮೂರಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ಗುಡಿಗೆ ಎಷ್ಟು ಕಂಬವೆಂದು ಕೇಳಿದ್ದರೆ ಹೇಳುತ್ತಿದ್ದೆನು.

ಎರಡು ತಾಸಿನ ಮೇಲೆ ಮಗಳು ಮೂತ್ರಕ್ಕೆ ಹೋಗಬೇಕೆಂದಳು. ವೈದ್ಯರು ನಕ್ಕರು. ಮನೆಯಾಕೆ ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡು ಕಣ್ಣೊರೆಸಿಕೊಂಡಳು. ಹೊರಡುವಾಗ ವೈದ್ಯರು ಒಂದು ಚೀಟಿಯಲ್ಲಿ ಬರೆದುಕೊಟ್ಟರು: ಪುಡಿಯ ಪೊಟ್ಟಣ ಸಿಗದಿದ್ದರೆ, ಕಾಯಿಸಿ ಆರಿಸಿದ ಒಂದು ಲೀಟರು ನೀರಿಗೆ ಸಪಾಟಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾಗಬಾರದು. ವಾಂತಿಯಾದರೆ ಹತ್ತು ನಿಮಿಷ ತಡೆದು ಮತ್ತೆ ಚಮಚದಿಂದ ಆರಂಭಿಸಬೇಕು. ಆ ಚೀಟಿಯು ಈಗ ನನ್ನ ನೋಟುಪುಸ್ತಕದ ಮೊದಲನೆಯ ಹಾಳೆಗೆ ಅಂಟಿಕೊಂಡಿದೆ.

ಹಾನಗಲ್ಲೂ ಇಲ್ಲ, ಹಿರೇಕೆರೂರೂ ಇಲ್ಲ. ಕತ್ತಲಾಗುವ ಮುನ್ನ ಸವಣೂರಿಗೆ ಮರಳಿದೆವು. ಅತ್ತೆ ನನಗೆ ಒಂದು ಮಾತನ್ನೂ ಅನ್ನಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ತಿಳಿ ಗಂಜಿಯನ್ನು ಕುಡಿಸಿದಳು. ರಾತ್ರಿ ಎಷ್ಟೋ ಹೊತ್ತಿನವರೆಗೆ ಪಡಸಾಲೆಯಲ್ಲಿ ಆಕೆಯ ಬೀಸಣಿಗೆಯ ಸಪ್ಪಳ ಕೇಳುತ್ತಿತ್ತು.

ಮುಂದಿನ ಮೂರು ದಿನ ನಾವು ಎಲ್ಲಿಗೂ ಹೋಗಲಿಲ್ಲ. ಮಕ್ಕಳು ಇಂದಿಗೂ ನೆನೆಯುವುದು ಆ ಮೂರು ದಿನಗಳನ್ನೇ. ಬೆಳಿಗ್ಗೆ ಬಿಸಿಲೇರುವ ಮುನ್ನ ಎಲೆಬಳ್ಳಿಯ ತೋಟಕ್ಕೆ ಹೋಗುವುದು. ಸವಣೂರಿನ ವೀಳ್ಯದೆಲೆ ಹೆಸರಾದದ್ದು. ಹೊರಗೆ ಹೊಲಗಳು ಹೊಗೆಯಾಡುತ್ತಿದ್ದರೂ ತೋಟದೊಳಗೆ ಹೆಜ್ಜೆಯಿಟ್ಟರೆ ನೆರಳು, ತೇವ, ಹಸಿರು ವಾಸನೆ. ಹನ್ನೊಂದರಿಂದ ನಾಲ್ಕರವರೆಗೆ ಬಾಗಿಲು ಅರ್ಧ ಮುಚ್ಚಿ, ನೆಲಕ್ಕೆ ನೀರು ಚಿಮುಕಿಸಿ ಎಲ್ಲರೂ ಮಲಗುವುದು. ದಪ್ಪ ಗೋಡೆಯ ಹಳೆಯ ಮನೆ. ಥಾರಿನ ಜನರೂ ಬೇಸಿಗೆಯನ್ನು ಹೀಗೆಯೇ ಗೋಡೆಯ ದಪ್ಪದಿಂದ ಕಳೆಯುತ್ತಾರೆಂದು ಎಲ್ಲಿಯೋ ಓದಿದ್ದೆನು. ಸಂಜೆಗೆ ಮಜ್ಜಿಗೆ, ಮತ್ತು ದೊಡ್ಡವರಿಗೆ ಸವಣೂರಿನ ಖಾರ. ಹೆಸರೇ ಖಾರವೆಂದಿರುವುದನ್ನು ಮಗನು ಒಂದು ಹಿಡಿ ಬಾಯಿಗೆ ಹಾಕಿಕೊಂಡು ಅಂಗಳದಲ್ಲಿ ಎರಡು ಸುತ್ತು ಓಡಿದನು.

ಕತ್ತಲಾದ ಮೇಲೆ ಕಥೆ. ಈ ಊರು ನವಾಬರ ಸಂಸ್ಥಾನವಾಗಿದ್ದುದು, 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದ್ದು. ನವಾಬರ ಅದೇ ಊರಿನಲ್ಲಿ ಉತ್ತರಾದಿ ಮಠದ ಸತ್ಯಬೋಧ ತೀರ್ಥರು 1783ರಲ್ಲಿ ವೃಂದಾವನಸ್ಥರಾದದ್ದು. ವಿನಾಯಕ ಕೃಷ್ಣ ಗೋಕಾಕರು 1909ರಲ್ಲಿ ಹುಟ್ಟಿದ್ದು ಇಲ್ಲಿಯೇ. ಇವು ನನ್ನ ಕಥೆಗಳು, ಮಕ್ಕಳು ಆಕಳಿಸಿದರು. ಅತ್ತೆಯ ಕಥೆ ಬೇರೆ. ನಾನು ಏಳು ವರ್ಷದವನಿದ್ದಾಗ ದೊಡ್ಡಹುಣಸೆಯ ಕಾಯಿಗೆ ಕಲ್ಲು ಬೀಸಿ, ಅದು ಮಠಕ್ಕೆ ಬಂದವರೊಬ್ಬರ ಪೇಟಕ್ಕೆ ತಗಲಿ, ಹಗೇವಿನ ಹಿಂದೆ ಅಡಗಿಕೊಂಡದ್ದು. ಮಕ್ಕಳು ಅದನ್ನು ಮೂರು ರಾತ್ರಿಯೂ ಹೇಳಿಸಿದರು.

ಅದೇ ವರ್ಷ ದಸರೆಯ ರಜೆಗೆ ಮತ್ತೆ ಹೋದೆವು. ಈ ಬಾರಿ ಯೋಜನೆ ಬರೆದವಳು ಮನೆಯಾಕೆ. ದಿನಕ್ಕೆ ಒಂದೇ ಊರು. ಬೆಳಿಗ್ಗೆ ಆರೂವರೆಗೆ ಹೊರಟು ಹನ್ನೊಂದರೊಳಗೆ ಮನೆ ಸೇರುವುದು. ಸಂಜೆ ನಾಲ್ಕರ ಮೇಲೆ ಬೇಕೆನಿಸಿದರೆ ಮಾತ್ರ ಮತ್ತೆ ಹೊರಡುವುದು. ಮಕ್ಕಳಿಬ್ಬರ ಕೊರಳಿಗೂ ಒಂದೊಂದು ನೀರಿನ ಬಾಟಲಿ. ಕೇಳುವ ಮುನ್ನವೇ ಕುಡಿಸಬೇಕು. ಮೂತ್ರಕ್ಕೆ ಹೋದ ಲೆಕ್ಕ ನನ್ನ ಪಾಲಿಗೆ ಬಂದಿತು. ಅದನ್ನು ಕೆಂಪು ಮಸಿಯಲ್ಲಿ ಬರೆದಿಟ್ಟೆನು.

ಬಂಕಾಪುರವು ಬೆಳಗಿನ ಹೊತ್ತು ಬೇರೆಯೇ ಊರು. ಆ ಕೋಟೆಯ ಸುಮಾರು 139 ಎಕರೆ ನೆಲವು 2006ರಿಂದ ನವಿಲುಗಳ ರಕ್ಷಿತ ತಾಣ. ಅಲ್ಲಿಯೇ ಖಿಲಾರಿ ದನಗಳ ಸಂವರ್ಧನ ಕೇಂದ್ರವೂ ಇದೆ. ದನಗಳಿಗೆಂದು ಕಾಯ್ದಿಟ್ಟ ಹುಲ್ಲು, ಪೊದೆ, ಕಂದಕಗಳೇ ನವಿಲುಗಳನ್ನು ಸಲಹಿವೆ. ಏಪ್ರಿಲಿನ ಆ ಮಧ್ಯಾಹ್ನ ಒಂದೂ ಕಂಡಿರಲಿಲ್ಲ. ಅವಾದರೂ ಬುದ್ಧಿಯುಳ್ಳವು, ನೆರಳಿನಲ್ಲಿದ್ದವು. ಈಗ ಏಳು ಗಂಟೆಯ ಎಳೆಬಿಸಿಲಿನಲ್ಲಿ ಗೋಡೆಯ ಮೇಲೆ, ಹುಲ್ಲಿನಲ್ಲಿ, ದನಗಳ ಕಾಲುಗಳ ನಡುವೆ ನವಿಲುಗಳು. ಮಗಳು ಎಣಿಸಲು ಹೋಗಿ ಹದಿನಾರಕ್ಕೆ ತಪ್ಪಿದಳು. ಅವಳಿಗೆ ಬರುತ್ತಿದ್ದ ಎಣಿಕೆಯೇ ಅಷ್ಟು. ಆಗ ಕಟ್ಟೆಯೊರಗಿ ಕುಳಿತ ಅದೇ ಗುಡಿಯ ಕಂಬಗಳ ನಡುವೆ ಅಣ್ಣನೊಡನೆ ಕಣ್ಣುಮುಚ್ಚಾಲೆ ಆಡಿದಳು. ಈ ಸಲ ನಾನು ಕಂಬಗಳನ್ನು ಎಣಿಸಲಿಲ್ಲ.

ಶಿಗ್ಗಾಂವಿ ತಾಲೂಕಿನ ಗೊಟಗೋಡಿಯು ಹೆದ್ದಾರಿಯ ಪಕ್ಕಕ್ಕೇ ಇದೆ. ಕಲಾವಿದ ಟಿ. ಬಿ. ಸೊಲಬಕ್ಕನವರ ಅವರು ರೂಪಿಸಿದ ಉತ್ಸವ ರಾಕ್ ಗಾರ್ಡನ್ನಿನಲ್ಲಿ ಇಡೀ ಒಂದು ಹಳ್ಳಿಯೇ ಶಿಲ್ಪವಾಗಿ ನಿಂತಿದೆ. ಆಳೆತ್ತರದ ಜನ, ಎತ್ತು, ಬಂಡಿ, ಕುಲುಮೆ, ಕಟ್ಟೆ. ನಗರದ ಮಕ್ಕಳಿಗೆ ಅದು ಪಾಠ. ಅತ್ತೆಗೆ ಮಾತ್ರ ನೆರೆಹೊರೆ. “ಇವ ನಮ್ಮ ಓಣಿ ಬಡಿಗ್ಯಾನ ಹಂಗ ಕಾಣ್ತಾನ ನೋಡು” ಎಂದು ಒಂದು ಪ್ರತಿಮೆಯ ಮುಂದೆ ನಿಂತೇಬಿಟ್ಟಳು. ಕನಕದಾಸರ ಬಾಡ, ಶರೀಫರ ಶಿಶುನಾಳ ಇದೇ ತಾಲೂಕಿನವು. ಅವಕ್ಕೆ ಮಕ್ಕಳು ಇನ್ನಷ್ಟು ದೊಡ್ಡವರಾಗಲೆಂದು ಬಿಟ್ಟೆವು. ಬಿಡುವುದನ್ನು ಕಲಿತದ್ದು ನನಗೆ ಹೊಸತು.

ಹಾನಗಲ್ಲಿಗೆ ಹೋಗುವ ದಾರಿಯಲ್ಲಿಯೇ ನೆಲದ ಬಣ್ಣ ತಿರುಗುತ್ತದೆ. ಎರೆ ಹೋಗಿ ಗದ್ದೆ, ಮಾವು, ಅಡಕೆ, ಮಲೆನಾಡಿನ ಸೆರಗು. ಕದಂಬರ ಒಂದು ಶಾಖೆಯವರು ಆಳಿದ ಪಾನುಂಗಲ್ಲು ಇದು. ವಿರಾಟರಾಜನ ನಗರವಿದೇ ಎಂದು ಊರಿನವರ ನಂಬಿಕೆ. ಪಾಂಡವರು ಇಲ್ಲಿ ಅಡಗಿದ್ದರೆಂದು ಕೇಳಿದೊಡನೆ ಮಗನು ತಾರಕೇಶ್ವರನ ಗುಡಿಯ ಮೂಲೆ ಮೂಲೆಯನ್ನೂ ಇಣುಕಿದನು. ಆ ಗುಡಿಯ ಮಂಟಪದ ಮಾಡಿನಲ್ಲಿ ಕಲ್ಲಿನ ಕಮಲವೊಂದು ತಲೆಕೆಳಗಾಗಿ ಅರಳಿದೆ. ಎಂಟು ಗಂಟೆಗೆ ಕಲ್ಲು ಇನ್ನೂ ತಣ್ಣಗಿತ್ತು. ಮಕ್ಕಳು ಬರಿಗಾಲಲ್ಲಿ ನಿಂತು, ಕತ್ತು ನೋಯುವವರೆಗೆ ಮೇಲಕ್ಕೆ ನೋಡಿದರು. ಕಾಲುಚೀಲಗಳು ಚೀಲದಲ್ಲಿಯೇ ಉಳಿದವು.

ಹಿರೇಕೆರೂರು ಸವಣೂರಿನಿಂದ ದೂರ. ಚಿಕ್ಕವರಿಗೆ ಒಂದೇ ದಿನದಲ್ಲಿ ಹೋಗಿಬರುವುದು ಹೆಚ್ಚಾಗುತ್ತದೆ. ಒಂದು ರಾತ್ರಿ ಅಲ್ಲಿಯೇ ತಂಗಿದೆವು. ದುರ್ಗಾದೇವಿಯ ಗುಡಿ, ಅದರ ಬಳಿಯ ಕೆರೆ. ಈಚೆಗೆ ಬೇರೆ ತಾಲೂಕಾಗಿರುವ ರಟ್ಟೀಹಳ್ಳಿಯಲ್ಲಿ ಕದಂಬೇಶ್ವರನ ಗುಡಿ. ಆದರೆ ಕಣ್ಣು ತುಂಬಿದ್ದು ಮದಗ-ಮಾಸೂರಿನ ಕೆರೆ. ಎರಡು ಗುಡ್ಡಗಳ ನಡುವಿನ ಕಣಿವೆಗೆ ಏರಿ ಕಟ್ಟಿ ಕುಮುದ್ವತಿಯನ್ನು ತಡೆದ ಹಳೆಯ ಕೆರೆ ಅದು; ಮಳೆಗಾಲದ ಹಿಂದೆಯೇ ಹೋದರೆ ನೀರು ತುಂಬಿರುತ್ತದೆ. ಅಂಚಿಗೆ ತಡೆಗೋಡೆಯಿದ್ದೀತೆಂದು ನಂಬಿ ಮಕ್ಕಳ ಕೈ ಬಿಡಬಾರದು. ಏರಿಯ ಮೇಲೆ ಮಗಳು ತಟ್ಟನೆ ಕೇಳಿದಳು: “ಮರುಭೂಮಿಯಲ್ಲಿ ಇಷ್ಟು ನೀರು ಇರುತ್ತದೆಯೇ?” ಜೈಸಲ್ಮೇರಿನಲ್ಲಿಯೂ ಗಡಿಸರ್ ಎಂಬ ಕೆರೆಯಿದೆ, ಒಂದು ಕಾಲಕ್ಕೆ ಆ ನಗರವೆಲ್ಲ ಅದರ ನೀರನ್ನೇ ಕುಡಿಯುತ್ತಿತ್ತು ಎಂದೆನು. “ಹಾಗಾದರೆ ಹೋಗಬಹುದು” ಎಂದು ಆಕೆ ಅಪ್ಪಣೆ ಕೊಟ್ಟಳು.

ಬರುವ ದಸರೆಗೆ ಹೋಗುವುದೆಂದು ಗೊತ್ತಾಗಿದೆ. ಅಕ್ಟೋಬರಿನಲ್ಲಿ ಅಲ್ಲಿ ಮಧ್ಯಾಹ್ನ ಇನ್ನೂ ಬಿಸಿಯೇ. ಆದರೆ ನಮಗೆ ಮಧ್ಯಾಹ್ನವೆಂಬುದು ಈಗ ಮಲಗುವ ಹೊತ್ತು. ರೈಲಿನಿಂದಿಳಿದ ಮೊದಲನೆಯ ದಿನ ಏನನ್ನೂ ನೋಡುವುದಿಲ್ಲ. ಕೋಟೆ ಬೆಳಿಗ್ಗೆ, ಮರಳು ಸಂಜೆ. ಒಂಟೆಯ ಸವಾರಿ ಹತ್ತು ನಿಮಿಷಕ್ಕೆ ಮೀರಬಾರದು. ಸಂಜೆಯ ಮರಳಿನಲ್ಲಿ ಗಾಳಿ ತಣ್ಣಗಾಗುವುದರಿಂದ ತೆಳ್ಳನೆಯ ಸ್ವೆಟರು, ಕಣ್ಣಿಗೆ ಮರಳು ಬೀಳದಂತೆ ತಲೆಗೆ ಸುತ್ತಲು ಹತ್ತಿಯ ಬಟ್ಟೆ, ಓಆರ್‌ಎಸ್ ಪೊಟ್ಟಣಗಳು ಹತ್ತು. ಇದೆಲ್ಲ ಮನೆಯಾಕೆಯ ಅಕ್ಷರದಲ್ಲಿದೆ.

ಮೊನ್ನೆ ಸವಣೂರಿಗೆ ಫೋನು ಮಾಡಿ ಈ ಸುದ್ದಿ ಹೇಳಿದೆನು. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ.

“ತಮ್ಮಾ, ಆ ಗಾಡ್ಯಾಗ ಕೆಳಗಿನ ಬರ್ತ್ ಸಿಗ್ತದೇನು?” ಎಂದಳು ಅತ್ತೆ. “ಒಂಟಿ ನಾನೂ ನೋಡಿಲ್ಲ.”

ಮಧ್ಯಾಹ್ನದ ನಿದ್ದೆಯ ವಿಷಯದಲ್ಲಿ ಆಕೆಯೂ ಮಕ್ಕಳೂ ಒಂದೇ ಪಕ್ಷ. ಯೋಜನೆಯಲ್ಲಿ ಏನನ್ನೂ ಬದಲಿಸಬೇಕಾಗಲಿಲ್ಲ. ನಾಲ್ಕು ಎಂದಿದ್ದುದನ್ನು ಹೊಡೆದು ಐದು ಎಂದು ಬರೆದೆವು.